ಕಂಪ್ಯೂಟರ್ ಸತ್ತ ಮೇಲೆ

ಬೆಂಗಳೂರಿನ ಎಸ್.ಪಿ. ರಸ್ತೆಗೋ, ತಮ್ಮೂರಿನ ರಿಪೇರಿ ಅಂಗಡಿಗೋ ಕೆಟ್ಟುಹೋದ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದವರಿಗೆ ಈ ದೃಶ್ಯ ಪರಿಚಿತ. ಅಂಗಡಿಯವರು ಹಿಂಬದಿಯ ಸ್ಕ್ರೂ ಬಿಚ್ಚಿ, ಒಳಗೆ ಇಣುಕಿ, ಒಂದೆರಡು ಕಡೆ ಮೀಟರಿನ ಮುಳ್ಳು ತಾಗಿಸಿ ನೋಡಿ, ‘ಬೋರ್ಡ್ ಹೋಗಿದೆ ಸಾರ್’ ಎನ್ನುತ್ತಾರೆ. ನಮ್ಮ ಮುಖ ಬಾಡಿದ್ದನ್ನು ನೋಡಿ, ‘ಡೇಟಾ ಎಲ್ಲೂ ಹೋಗಿಲ್ಲ ಬಿಡಿ, ಒಂದು ಕೇಸಿಂಗ್ ಹಾಕ್ಕೊಡ್ತೀನಿ’ ಎಂದು ಸೇರಿಸುತ್ತಾರೆ.

ಹೇಳಿದಂತೆಯೇ ಆಗುತ್ತದೆ. ಅಂಗೈಯಗಲದ ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪಿನ ಹೊಟ್ಟೆಯಿಂದ ತೆಗೆದು, ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ತಳ್ಳಿ, ಮುಚ್ಚಳ ಹಾಕುತ್ತಾರೆ. ಡಬ್ಬಿಯ ತಂತಿಯನ್ನು ಅಂಗಡಿಯ ಕಂಪ್ಯೂಟರಿಗೆ ಚುಚ್ಚುತ್ತಾರೆ. ಕೆಲವು ಕ್ಷಣಗಳಲ್ಲಿ ಮಗಳ ಮೊದಲ ಹುಟ್ಟುಹಬ್ಬದ ಫೋಟೋಗಳು, ಅರ್ಧಕ್ಕೆ ನಿಂತ ಪಿಎಚ್‌ಡಿ ಪ್ರಬಂಧ, ಪ್ರಕಟವಾಗದ ಕತೆಗಳು ಎಲ್ಲವೂ ಬೇರೊಂದು ಯಂತ್ರದ ಪರದೆಯ ಮೇಲೆ ಕಾಣಿಸುತ್ತವೆ.

ಆ ಡಬ್ಬಿಯ ಬೆಲೆ ಕೆಲವು ನೂರು ರೂಪಾಯಿ. ಒಳಗಿರುವುದು ಬೆರಳಗಲದ ಒಂದು ಸರ್ಕ್ಯೂಟ್, ಉಗುರಿನಷ್ಟು ದೊಡ್ಡ ಚಿಪ್, ಎರಡು ಕನೆಕ್ಟರು, ಅಷ್ಟೇ. ಇದಕ್ಕೇನು ಚರಿತ್ರೆ ಎನ್ನಿಸಬಹುದು. ಆದರೆ ಒಂದು ಯಂತ್ರ ಬರೆದದ್ದನ್ನು ಇನ್ನೊಂದು ಯಂತ್ರ ಓದುವುದು ಬಹುಕಾಲ ಸುಲಭವಾಗಿರಲಿಲ್ಲ. ಬರೆದದ್ದು ಡಿಸ್ಕಿನ ಮೇಲಿದೆ ಎಂಬುದು ನಿಜ. ಅದನ್ನು ಓದುವ ವಿದ್ಯೆ ಎಲ್ಲಿದೆ? ಕಂಪ್ಯೂಟರಿನಲ್ಲೋ, ಡಿಸ್ಕಿನಲ್ಲೋ, ನಡುವಿನ ಡಬ್ಬಿಯಲ್ಲೋ? ಈ ಪ್ರಶ್ನೆಗೆ ಅರವತ್ತು ಎಪ್ಪತ್ತು ವರ್ಷಗಳಲ್ಲಿ ಬೇರೆ ಬೇರೆ ಉತ್ತರಗಳು ಬಂದವು. ಕಂಪ್ಯೂಟರ್ ಸತ್ತ ಮೇಲೂ ನಮ್ಮ ಬರಹ ಉಳಿಯುತ್ತದೋ ಇಲ್ಲವೋ ಎಂಬುದು ಆ ಉತ್ತರಗಳನ್ನೇ ಅವಲಂಬಿಸಿದೆ.

*

ಮೊದಲ ಹಾರ್ಡ್ ಡಿಸ್ಕನ್ನು ಡಬ್ಬಿಗೆ ಹಾಕುವ ಮಾತೇ ಇರಲಿಲ್ಲ. ಅದೇ ಒಂದು ದೊಡ್ಡ ಬೀರು. ಅಮೆರಿಕದ ಐಬಿಎಂ ಕಂಪನಿ 1956ರ ಸೆಪ್ಟೆಂಬರಿನಲ್ಲಿ ರಾಮ್ಯಾಕ್ ಎಂಬ ಕಂಪ್ಯೂಟರನ್ನು ಹೊರತಂದಿತು. ಅದರ ಡಿಸ್ಕ್ ಘಟಕದ ಹೆಸರು ಐಬಿಎಂ 350. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಪ್ರಯೋಗಶಾಲೆಯಲ್ಲಿ ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ರೇನಾಲ್ಡ್ ಜಾನ್ಸನ್. ಆತ ಮೊದಲು ಶಾಲಾ ಮೇಷ್ಟರಾಗಿದ್ದವರು, ವಿದ್ಯಾರ್ಥಿಗಳ ಉತ್ತರಪತ್ರಿಕೆಗೆ ತಾನೇ ಅಂಕ ಹಾಕುವ ಯಂತ್ರ ಕಂಡುಹಿಡಿದು ಆ ದಾರಿಯಿಂದ ಐಬಿಎಂ ಸೇರಿದವರು.

ಆ ಘಟಕದಲ್ಲಿ 24 ಇಂಚು ವ್ಯಾಸದ 50 ತಟ್ಟೆಗಳು ಒಂದರ ಮೇಲೊಂದು ಒಂದೇ ಅಚ್ಚಿನ ಮೇಲೆ ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಓದಿ ಬರೆಯುವ ತೋಳು ಲಿಫ್ಟಿನಂತೆ ಮೇಲೆ ಕೆಳಗೆ ಚಲಿಸಿ, ಬೇಕಾದ ತಟ್ಟೆಗಳ ನಡುವೆ ನುಗ್ಗುತ್ತಿತ್ತು. ಓದುವ ಹೆಡ್ ತಟ್ಟೆಗೆ ತಾಗದಂತೆ ನೋಡಿಕೊಳ್ಳಲು ಒತ್ತಡದ ಗಾಳಿ ಊದಬೇಕಿತ್ತು. ಇಡೀ ಘಟಕ ಒಂದು ಟನ್ನಿನ ಆಸುಪಾಸು ತೂಗುತ್ತಿತ್ತು. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಒಂದೊಂದು ಅಕ್ಷರಕ್ಕೆ 6 ಬಿಟ್ ಎಂದು ಲೆಕ್ಕ ಹಾಕಿದರೆ ಇಂದಿನ ಅಳತೆಯಲ್ಲಿ ನಾಲ್ಕು ಮೆಗಾಬೈಟಿಗೂ ಕಡಿಮೆ. ಯೂನಿಕೋಡಿನ ಇಂದಿನ ರೂಢಿಯಲ್ಲಿ ಒಂದೊಂದು ಕನ್ನಡ ಅಕ್ಷರಚಿಹ್ನೆಗೆ ಮೂರು ಬೈಟ್ ಬೇಕು. ಆ ಲೆಕ್ಕದಲ್ಲಿ ಮುನ್ನೂರು ಪುಟದ ಎರಡು ಮೂರು ಕನ್ನಡ ಕಾದಂಬರಿ ಇಡುವಷ್ಟರಲ್ಲಿ ಆ ಬೀರು ತುಂಬಿಹೋಗುತ್ತಿತ್ತು.

ರಾಮ್ಯಾಕ್‌ನಲ್ಲಿ ಬರಹವನ್ನು ಯಂತ್ರದಿಂದ ಬೇರ್ಪಡಿಸುವ ಪ್ರಶ್ನೆಯೇ ಇಲ್ಲ. ಗ್ರಾಹಕರು ಯಂತ್ರವನ್ನು ತಿಂಗಳ ಬಾಡಿಗೆಗೆ ಪಡೆಯುತ್ತಿದ್ದರು. ಯಂತ್ರ ಹೋದರೆ ಅದರ ಜೊತೆಗೆ ನೆನಪೂ ಹೋಯಿತು. ಬೇರೆ ಪ್ರತಿ ಬೇಕಿದ್ದರೆ ರಂಧ್ರ ಕೊರೆದ ಕಾರ್ಡುಗಳಿಗೋ ಕಾಗದಕ್ಕೋ ಇಳಿಸಬೇಕು.

ಆರು ವರ್ಷಗಳ ನಂತರ, 1962ರಲ್ಲಿ, ಅದೇ ಕಂಪನಿ ತಟ್ಟೆಗಳನ್ನು ಹೊರತೆಗೆಯುವಂತೆ ಮಾಡಿತು. ಐಬಿಎಂ 1311 ನೋಡಲು ಬಟ್ಟೆ ಒಗೆಯುವ ಯಂತ್ರದಂತಿತ್ತು. ಮೇಲಿನ ಮುಚ್ಚಳ ಎತ್ತಿ, 14 ಇಂಚಿನ ಆರು ತಟ್ಟೆಗಳ ಒಂದು ಕಟ್ಟನ್ನು ಅದರೊಳಗೆ ಕೂರಿಸುವುದು, ಕೆಲಸ ಮುಗಿದ ಮೇಲೆ ಎತ್ತಿ ಕಪಾಟಿನಲ್ಲಿಡುವುದು. ಒಂದು ಕಟ್ಟಿನ ತೂಕ ಸುಮಾರು ನಾಲ್ಕೂವರೆ ಕಿಲೋ, ಹಿಡಿಸುವುದು 20 ಲಕ್ಷ ಅಕ್ಷರ. ಡಿಸ್ಕಿನ ಮೇಲಿನ ಬರಹ ತನ್ನ ಯಂತ್ರವನ್ನು ಬಿಟ್ಟು ಹೊರಗೆ ಬಂದದ್ದು ಹೀಗೆ. ಸಂಬಳದ ಲೆಕ್ಕದ್ದೊಂದು ಕಟ್ಟು, ಗೋದಾಮಿನ ಲೆಕ್ಕದ್ದು ಇನ್ನೊಂದು ಕಟ್ಟು ಎಂದು ಕಚೇರಿಗಳು ಜೋಡಿಸಿಟ್ಟುಕೊಂಡವು.

ಆದರೆ ಬಂದದ್ದು ಬರಹ ಮಾತ್ರ. ಓದುವ ಹೆಡ್ ಯಂತ್ರದಲ್ಲೇ ಉಳಿಯಿತು. ಒಂದು ಯಂತ್ರದ ಹೆಡ್ ಬರೆದ ಗೆರೆಯ ಮೇಲೆಯೇ ಇನ್ನೊಂದು ಯಂತ್ರದ ಹೆಡ್ ಕೂಡ ಸರಿಯಾಗಿ ಬಂದು ನಿಲ್ಲಬೇಕು, ತುಸು ಆಚೀಚೆಯಾದರೆ ಓದಲಾಗದು. ಹೀಗಾಗಿ ಎಲ್ಲ ಯಂತ್ರಗಳ ಹೆಡ್ಡುಗಳನ್ನು ಒಂದೇ ಅಳತೆಗೆ ಹೊಂದಿಸುವುದೇ ತಂತ್ರಜ್ಞರಿಗೆ ಒಂದು ಉದ್ಯೋಗವಾಯಿತು. ತಟ್ಟೆಯ ಮೇಲೆ ಧೂಳು ಕೂತರೆ ಹೆಡ್ ಅದಕ್ಕೆ ಬಡಿದು ತಟ್ಟೆಯನ್ನೇ ಗೀರುತ್ತಿತ್ತು. ಹೀಗೆ ಗಾಯಗೊಂಡ ಕಟ್ಟನ್ನು ‘ಇದರಲ್ಲಾದರೂ ಓದೀತೇನೋ’ ಎಂದು ಇನ್ನೊಂದು ಯಂತ್ರಕ್ಕೆ ಹಾಕಿದರೆ ಆ ಯಂತ್ರದ ಹೆಡ್ಡೂ ಹಾಳು. ಆ ಹೆಡ್ ಮುಂದೆ ಬಂದ ಒಳ್ಳೆಯ ಕಟ್ಟನ್ನೂ ಕೆಡಿಸುತ್ತಿತ್ತು. ಅಂಟುರೋಗ ಹರಡಿದ ಹಾಗೆ.

ಇದಕ್ಕೆ ಮದ್ದು ಬಂದದ್ದು 1973ರಲ್ಲಿ. ಕೆನ್ ಹಾಟನ್ ಎಂಬ ಎಂಜಿನಿಯರ್ ಮುಂದಾಳತ್ವದಲ್ಲಿ ಐಬಿಎಂ 3340 ಸಿದ್ಧವಾಯಿತು. ಇದರಲ್ಲಿ ತಟ್ಟೆ, ತೋಳು, ಹೆಡ್ ಮೂರನ್ನೂ ಸೇರಿಸಿ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿಬಿಟ್ಟರು. ತೆಗೆದು ಒಯ್ಯುವುದಾದರೆ ಇಡೀ ಪೆಟ್ಟಿಗೆಯನ್ನೇ ಒಯ್ಯಬೇಕು. ಮೊದಲ ಯೋಜನೆಯಲ್ಲಿ 30 ಮೆಗಾಬೈಟಿನ ಎರಡು ಭಾಗಗಳಿದ್ದವು. 30-30 ಎಂಬ ಗುಂಡಿನ ಬಂದೂಕಿನ ನೆನಪಾಗಿ ಹಾಟನ್ ಅದಕ್ಕೆ ‘ವಿಂಚೆಸ್ಟರ್’ ಎಂಬ ಅಡ್ಡಹೆಸರಿಟ್ಟರು. ಮುಂದೆ ಎಷ್ಟೋ ವರ್ಷ ಜಗತ್ತಿನ ಹಾರ್ಡ್ ಡಿಸ್ಕುಗಳಿಗೆಲ್ಲ ವಿಂಚೆಸ್ಟರ್ ಎಂದೇ ಹೆಸರು.

ಬರೆದ ಹೆಡ್ಡೇ ಓದುವ ಹೆಡ್. ಆದ್ದರಿಂದ ಹೊಂದಿಸುವ ತಲೆನೋವಿಲ್ಲ, ಹೊರಗಿನ ಧೂಳಿನ ಭಯವೂ ಕಡಿಮೆ. ಓದುವ ವಿದ್ಯೆಯ ಒಂದು ಪಾಲು ಹೀಗೆ ಯಂತ್ರವನ್ನು ಬಿಟ್ಟು ಡಿಸ್ಕಿನ ಜೊತೆಗೆ ಬಂತು. ಇಂದು ನಾವು ಕೇಸಿಂಗಿನೊಳಗೆ ತಳ್ಳುವ ಡಿಸ್ಕು ಈ ವಿಂಚೆಸ್ಟರಿನ ವಂಶದ್ದೇ. ಅದರ ಲೋಹದ ಕವಚವನ್ನು ಮನೆಯಲ್ಲಿ ಬಿಚ್ಚಬಾರದು ಎನ್ನುವುದೂ ಇದೇ ಕಾರಣಕ್ಕೆ.

*

ಉಳಿದ ಪಾಲು ಬರಲು ಇನ್ನಷ್ಟು ಕಾಲ ಹಿಡಿಯಿತು. ಸಣ್ಣ ಕಂಪ್ಯೂಟರುಗಳ ಕಾಲ ಬಂದಾಗ ಅಲನ್ ಶುಗಾರ್ಟ್, ಫಿನಿಸ್ ಕಾನರ್ ಮೊದಲಾದವರು 1979ರಲ್ಲಿ ಕಟ್ಟಿದ ಕಂಪನಿ, ಮುಂದೆ ಸೀಗೇಟ್ ಎಂದು ಹೆಸರಾದದ್ದು, 1980ರಲ್ಲಿ ಎಸ್‌ಟಿ-506 ಎಂಬ ಡಿಸ್ಕನ್ನು ತಂದಿತು. ಅಗಲ 5.25 ಇಂಚು, ಹಿಡಿಸುವುದು 5 ಮೆಗಾಬೈಟ್. ರಾಮ್ಯಾಕಿನ ಇಡೀ ಬೀರು 24 ವರ್ಷಗಳಲ್ಲಿ ಮೇಜಿನ ಮೇಲೆ ಇಡುವ ಇಟ್ಟಿಗೆಯಾಯಿತು.

ಆದರೆ ಈ ಇಟ್ಟಿಗೆಗೆ ಬುದ್ಧಿ ಇರಲಿಲ್ಲ. ತೋಳನ್ನು ಒಂದು ಹೆಜ್ಜೆ ಸರಿಸು, ಈ ಹೆಡ್ಡಿನಿಂದ ಬರುವ ಸದ್ದನ್ನು ಕಳಿಸು ಎಂದು ಹೆಜ್ಜೆಹೆಜ್ಜೆಗೂ ಹೇಳಬೇಕು. ಹೇಳುವವನು ಕಂಟ್ರೋಲರ್, ಕಂಪ್ಯೂಟರಿನೊಳಗೆ ಚುಚ್ಚಿದ ಇನ್ನೊಂದು ಕಾರ್ಡು. ಕಾಂತದ ಆ ಸದ್ದನ್ನು ಸೊನ್ನೆ ಒಂದುಗಳಾಗಿ ಬಿಡಿಸುತ್ತಿದ್ದದ್ದೂ ಅದೇ ಕಾರ್ಡು. ಒಂದೊಂದು ಕಂಪನಿಯ ಕಂಟ್ರೋಲರಿಗೆ ಒಂದೊಂದು ರೂಢಿ. ಆದ್ದರಿಂದ ಒಂದು ಕಂಟ್ರೋಲರ್ ಬರೆದ ಡಿಸ್ಕನ್ನು ಇನ್ನೊಂದಕ್ಕೆ ಜೋಡಿಸಿದರೆ ಎಷ್ಟೋ ಸಲ ಓದಲು ಬರುತ್ತಿರಲಿಲ್ಲ. ಡಿಸ್ಕು ಗಟ್ಟಿಯಾಗಿಯೇ ಇದೆ, ಬರೆದದ್ದೂ ಅಲ್ಲೇ ಇದೆ, ಆದರೆ ಓದುವ ವಿದ್ಯೆ ಕೆಟ್ಟುಹೋದ ಆ ಕಾರ್ಡಿನಲ್ಲಿತ್ತು. ಅಂಥ ಡಿಸ್ಕಿಗೆ ನಮ್ಮ ಕಾಲದ ಸರಳ ಕೇಸಿಂಗ್ ಮಾಡಲು ಬರುತ್ತಿರಲಿಲ್ಲ.

ಹೊರಗಿನ ಡಬ್ಬಿ ಹುಟ್ಟಿದ್ದು ಸಾಗಿಸುವ ಅಗತ್ಯದಿಂದಲ್ಲ. ಒಳಗೆ ಜಾಗವಿರಲಿಲ್ಲ, ಅದಕ್ಕೆ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಅದರ 63.5 ವ್ಯಾಟಿನ ವಿದ್ಯುತ್ ಪೂರೈಕೆಗೆ ಅಂದಿನ ಡಿಸ್ಕನ್ನು ತಿರುಗಿಸುವ ಶಕ್ತಿ ಸಾಲದು. ಅದೇ ವರ್ಷ ಆಪಲ್ ಕಂಪನಿ ತನ್ನ ಆಪಲ್ III ಕಂಪ್ಯೂಟರಿಗೆ ಪ್ರೊಫೈಲ್ ಎಂಬ ಹೊರಗಿನ ಡಿಸ್ಕನ್ನು ಮಾರಾಟಕ್ಕಿಟ್ಟಿತು. ಒಳಗಿದ್ದದ್ದು ಸೀಗೇಟಿನ ಅದೇ 5 ಮೆಗಾಬೈಟಿನ ಇಟ್ಟಿಗೆ, ಬೆಲೆ 3,499 ಡಾಲರ್. ಆ ಹಣಕ್ಕೆ ಸಿಕ್ಕಿದ್ದು ಡಿಸ್ಕಿನ ಜೊತೆಗೆ ಅದರದ್ದೇ ವಿದ್ಯುತ್ ಪೂರೈಕೆ, ಅದರದ್ದೇ ಕಂಟ್ರೋಲರ್. ಡಬ್ಬಿಯೊಳಗೆ ಓದುವ ವಿದ್ಯೆಯೂ ಇದ್ದುದರಿಂದ ಮುಂದೆ ಅದೇ ಪ್ರೊಫೈಲನ್ನು ಆಪಲ್ಲಿನ ಲೀಸಾ ಎಂಬ ಬೇರೆ ಕಂಪ್ಯೂಟರಿಗೂ ಜೋಡಿಸಿ ಬಳಸಿದರು.

ಇದನ್ನು ಎಲ್ಲ ಕಂಪನಿಗಳಿಗೂ ಒಪ್ಪುವ ನಿಯಮವಾಗಿ ಮಾಡಿದ್ದು ‘ಸ್ಕಸಿ’. ಶುಗಾರ್ಟ್ ಹಿಂದೆ ಕಟ್ಟಿದ್ದ ಮತ್ತೊಂದು ಕಂಪನಿಯಲ್ಲಿ ಇದರ ಬೀಜವಿತ್ತು. 1986ರಲ್ಲಿ ಅದು ಅಮೆರಿಕದ ಅಧಿಕೃತ ಮಾನದಂಡವಾಯಿತು. ಸ್ಕಸಿಯ ಹೊಸತನ ಭಾಷೆಯಲ್ಲಿತ್ತು. ಕಂಪ್ಯೂಟರ್ ಇನ್ನು ತೋಳು, ಹೆಡ್, ಹೆಜ್ಜೆ ಎನ್ನಬೇಕಿಲ್ಲ. ‘ಇಷ್ಟನೆಯ ತುಣುಕನ್ನು ಕೊಡು’ ಎಂದರೆ ಸಾಕು. ಆ ತುಣುಕು ಯಾವ ತಟ್ಟೆಯ ಯಾವ ಗೆರೆಯಲ್ಲಿದೆ ಎಂಬುದು ಡಿಸ್ಕಿನ ಮನೆಯ ವಿಷಯ. 1986ರ ಜನವರಿಯಲ್ಲಿ ಬಂದ ಮ್ಯಾಕಿಂಟಾಷ್ ಪ್ಲಸ್ ಕಂಪ್ಯೂಟರಿನ ಹಿಂಬದಿಯಲ್ಲಿ ಈ ಸ್ಕಸಿಯ ಕಿಂಡಿಯಿತ್ತು. ಡಿಸ್ಕಿಗೆ ಡಿಸ್ಕು ಸರಪಳಿಯಂತೆ ಜೋಡಿಸುತ್ತ ಹೋಗಬಹುದಿತ್ತು. ಒಂದೊಂದಕ್ಕೂ ಬೇರೆ ಸಂಖ್ಯೆ ಕೊಡಬೇಕು, ಸರಪಳಿಯ ತುದಿಗೆ ಟರ್ಮಿನೇಟರ್ ಎಂಬ ಬಿರಡೆ ಹಾಕಬೇಕು, ಕಂಪ್ಯೂಟರ್ ಚಾಲೂ ಇರುವಾಗ ತಂತಿ ಕೀಳಬಾರದು. ಇಷ್ಟು ಮಡಿ ಮೈಲಿಗೆ ಪಾಲಿಸಿದರೂ ಕೆಲವೊಮ್ಮೆ ಕೈಕೊಡುತ್ತಿತ್ತು. ಆದರೂ ಪುಟವಿನ್ಯಾಸದ ಕೆಲಸ ಕಂಪ್ಯೂಟರಿಗೆ ಬಂದ ಆ ದಿನಗಳಲ್ಲಿ ಅಮೆರಿಕ, ಯೂರೋಪುಗಳ ವಿನ್ಯಾಸಕಾರರು ಪತ್ರಿಕೆಯ ಪುಟಗಳನ್ನು ಸ್ಕಸಿ ಡಿಸ್ಕುಗಳಲ್ಲಿ, ಕಾರ್ಟ್ರಿಜ್‌ಗಳಲ್ಲಿ ತುಂಬಿಕೊಂಡು ಮುದ್ರಣಾಲಯಕ್ಕೆ ಹೋಗುತ್ತಿದ್ದರು.

ಅಗ್ಗದ ಪಿಸಿಗಳ ಲೋಕದಲ್ಲಿ ಇದೇ ಕೆಲಸ ಬೇರೆ ದಾರಿಯಲ್ಲಿ ನಡೆಯಿತು. 1986ರ ಸುಮಾರಿಗೆ ಕಾಂಪ್ಯಾಕ್, ವೆಸ್ಟರ್ನ್ ಡಿಜಿಟಲ್ ಮೊದಲಾದವರು ಕಂಟ್ರೋಲರ್ ಕಾರ್ಡನ್ನೇ ಚಿಕ್ಕದಾಗಿಸಿ ಡಿಸ್ಕಿನ ಬೆನ್ನಿಗೆ ಅಂಟಿಸಿದರು. ಇದೇ ಐಡಿಇ. ಡಿಸ್ಕಿನ ಕೆಳಗಡೆ ಕಾಣುವ ಹಸಿರು ಸರ್ಕ್ಯೂಟ್ ಅದರ ವಾರಸುದಾರ. 1988ರಲ್ಲಿ ಪ್ರೇರಿಟೆಕ್ ಎಂಬ ಕಂಪನಿ ಎರಡೂವರೆ ಇಂಚಿನ ಡಿಸ್ಕನ್ನು ತಂದಿತು. ಲ್ಯಾಪ್‌ಟಾಪಿನಿಂದ ತೆಗೆಯುವ ಅಂಗೈಯಗಲದ ಡಿಸ್ಕಿನ ಅಳತೆ ಅಲ್ಲಿಂದ ಬಂದದ್ದು.

ಹೀಗೆ ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಡಿಸ್ಕು ತನ್ನನ್ನು ತಾನೇ ಓದಿಕೊಳ್ಳಲು ಕಲಿತಿತ್ತು. ಯಾವ ಕಂಪ್ಯೂಟರಿಗಾದರೂ ಸಲೀಸಾಗಿ ಚುಚ್ಚಬಲ್ಲ ಒಂದು ತಂತಿ ಮಾತ್ರ ಇನ್ನೂ ಬಂದಿರಲಿಲ್ಲ.

*

ಆ ತಂತಿ ಯುಎಸ್‌ಬಿ. ಇಂಟೆಲ್ ಕಂಪನಿಯಲ್ಲಿ ಇದರ ಕೆಲಸಕ್ಕೆ ಮುಂದಾದವರಲ್ಲಿ ಪ್ರಮುಖರು ಭಾರತದಲ್ಲಿ ಹುಟ್ಟಿದ ಎಂಜಿನಿಯರ್ ಅಜಯ್ ಭಟ್. ಏಳು ಕಂಪನಿಗಳು ಕೂಡಿ ಮೊದಲ ಆವೃತ್ತಿಯನ್ನು ಪ್ರಕಟಿಸಿದ್ದು 1996ರ ಜನವರಿಯಲ್ಲಿ. ಕೀಬೋರ್ಡು, ಮೌಸು, ಪ್ರಿಂಟರುಗಳಿಗೆ ಬೇರೆ ಬೇರೆ ಕಿಂಡಿ ಬೇಡ, ಯಂತ್ರವನ್ನು ಆರಿಸದೆಯೇ ತಂತಿ ಚುಚ್ಚಿ ಕೀಳುವಂತಿರಬೇಕು ಎಂಬುದು ಅದರ ಉದ್ದೇಶ. ಡಿಸ್ಕಿಗೆ ಅದು ತೀರ ನಿಧಾನ. ಸೆಕೆಂಡಿಗೆ 12 ಮೆಗಾಬಿಟ್, ಬಳಕೆಯಲ್ಲಿ ಸುಮಾರು ಒಂದು ಮೆಗಾಬೈಟ್. 10 ಗಿಗಾಬೈಟ್ ನಕಲು ಮಾಡಲು ಮೂರು ಗಂಟೆಯ ಹತ್ತಿರ ಕಾಯಬೇಕು. ವೇಗ ಬೇಕಾದವರು ಫೈರ್‌ವೈರ್ ಎಂಬ ಬೇರೆ ತಂತಿ ಬಳಸುತ್ತಿದ್ದರು. 2000ದ ಏಪ್ರಿಲಿನಲ್ಲಿ ಯುಎಸ್‌ಬಿಯ ಎರಡನೆಯ ಆವೃತ್ತಿ ಬಂದು ವೇಗ 480 ಮೆಗಾಬಿಟ್ಟಿಗೆ ಏರಿದಾಗ ಪರಿಸ್ಥಿತಿ ಬದಲಾಯಿತು. 2008ರ ನವೆಂಬರಿನ ಮೂರನೆಯ ಆವೃತ್ತಿಯಲ್ಲಿ ಅದು 5 ಗಿಗಾಬಿಟ್ ಮುಟ್ಟಿತು.

ವೇಗದಷ್ಟೇ ಮುಖ್ಯವಾದ ಇನ್ನೊಂದು ಒಪ್ಪಂದ 1999ರಲ್ಲಿ ಆಯಿತು. ತಂತಿಯ ಆ ಕಡೆ ಡಿಸ್ಕು ಇದ್ದರೆ ಅದರೊಡನೆ ಯಾವ ಭಾಷೆಯಲ್ಲಿ ಮಾತಾಡಬೇಕು? ಹೊಸ ಭಾಷೆ ಕಟ್ಟುವ ಗೋಜಿಗೆ ಎಂಜಿನಿಯರುಗಳು ಹೋಗಲಿಲ್ಲ. ಸ್ಕಸಿಯ ಹಳೆಯ ಆಜ್ಞೆಗಳನ್ನೇ 31 ಬೈಟಿನ ಒಂದು ಲಕೋಟೆಯೊಳಗಿಟ್ಟು ಯುಎಸ್‌ಬಿ ತಂತಿಯಲ್ಲಿ ಕಳಿಸುವುದೆಂದು ನಿಶ್ಚಯಿಸಿದರು. ಸ್ಕಸಿಯ ದಪ್ಪ ತಂತಿ, ಬಿರಡೆ, ಮಡಿ ಮೈಲಿಗೆ ಎಲ್ಲ ಮಾಯವಾದವು. ಅದರ ಭಾಷೆ ಮಾತ್ರ ಉಳಿಯಿತು. ವಿಂಡೋಸ್ 98ಕ್ಕೆ ಈ ಭಾಷೆ ಗೊತ್ತಿರಲಿಲ್ಲ, ಡಿಸ್ಕಿನ ಜೊತೆಗೆ ಬಂದ ಸಿ.ಡಿ. ಹಾಕಿ ಕಲಿಸಬೇಕಿತ್ತು. ವಿಂಡೋಸ್ 2000ದಿಂದ ಮುಂದೆ ಅದು ಹುಟ್ಟಿನಿಂದಲೇ ಬಂತು.

ಇಂದಿನ ಕೇಸಿಂಗಿನೊಳಗಿನ ಪುಟ್ಟ ಚಿಪ್ ಒಬ್ಬ ದುಭಾಷಿ. ಸತ್ತ ಲ್ಯಾಪ್‌ಟಾಪಿನ ಒಂದು ಫೋಟೋವನ್ನು ನಾವು ತೆರೆದಾಗ ನಡೆಯುವುದಿಷ್ಟು: ಕಂಪ್ಯೂಟರು ತುಣುಕಿನ ಸಂಖ್ಯೆಯನ್ನು ಲಕೋಟೆಯಲ್ಲಿಟ್ಟು ಕಳಿಸುತ್ತದೆ. ದುಭಾಷಿ ಲಕೋಟೆ ಒಡೆದು, ಸ್ಕಸಿಯ ಮಾತನ್ನು ಡಿಸ್ಕಿಗೆ ತಿಳಿಯುವ ಮಾತಿಗೆ ತಿರುಗಿಸಿ ಹೇಳುತ್ತದೆ. ಡಿಸ್ಕಿನ ಬೆನ್ನಿನ ಕಂಟ್ರೋಲರ್ ತೋಳನ್ನು ಸರಿಸಿ, ಗೆರೆಯನ್ನು ಹುಡುಕಿ, ಕಾಂತದ ಗುರುತುಗಳನ್ನು ಅಂಕಿಗಳಾಗಿ ಬಿಡಿಸಿ ಕೊಡುತ್ತದೆ. ಅದನ್ನು ದುಭಾಷಿ ಹಿಂದಕ್ಕೆ ದಾಟಿಸುತ್ತದೆ. ಕಷ್ಟದ ಕೆಲಸವೆಲ್ಲ ಡಿಸ್ಕಿನೊಳಗೇ ಆಗುವುದರಿಂದ ಡಬ್ಬಿ ಅಗ್ಗವಾಗಿದೆ.

ದುಭಾಷಿಗೆ ಗೊತ್ತಿರುವುದು ಸಾಮಾನ್ಯವಾಗಿ ಒಂದೇ ಭಾಷೆ. ಹಳೆಯ ಲ್ಯಾಪ್‌ಟಾಪುಗಳ ಡಿಸ್ಕಿಗೆ 44 ಪಿನ್ನುಗಳ ಐಡಿಇ ಕೇಸಿಂಗ್ ಬೇಕು. 2003ರ ನಂತರ ಹಬ್ಬಿದ ಸಾಟಾ ಡಿಸ್ಕಿಗೆ ಬೇರೆ. ಚೂಯಿಂಗ್ ಗಮ್ ಪಟ್ಟಿಯಂತಿರುವ ಈಚಿನ ಎಸ್‌ಎಸ್‌ಡಿಗಳಲ್ಲಿ ನೋಡಲು ಒಂದೇ ತರಹದ ಎರಡು ಜಾತಿಗಳಿವೆ, ಸಾಟಾ ಮತ್ತು ಎನ್‌ವಿಎಂಇ. ಒಂದರ ಡಬ್ಬಿ ಇನ್ನೊಂದಕ್ಕೆ ಆಗದಿರಬಹುದು. ವಿದ್ಯುತ್ತಿನ ಲೆಕ್ಕವೂ ಇದೆ. ಎರಡೂವರೆ ಇಂಚಿನ ಡಿಸ್ಕಿಗೆ 5 ವೋಲ್ಟ್ ಸಾಕು, ಯುಎಸ್‌ಬಿಯಿಂದಲೇ ಅದು ಸಿಗುತ್ತದೆ. ಆದರೆ ಯುಎಸ್‌ಬಿಯ ಎರಡನೆಯ ಆವೃತ್ತಿಯ ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪಿಯರ್ ಮಾತ್ರ. ನಿಂತ ತಟ್ಟೆ ಮೊದಲ ಸಲ ತಿರುಗುವಾಗ ಅದಕ್ಕಿಂತ ಹೆಚ್ಚು ಎಳೆಯಬಹುದು. ಆ ಕಾಲದ ಕೇಸಿಂಗುಗಳ ತಂತಿಗೆ ಎರಡು ತಲೆ ಇರುತ್ತಿದ್ದದ್ದು ಇದಕ್ಕೇ. ಮೇಜಿನ ಕಂಪ್ಯೂಟರಿನ ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಕೂಡ ಬೇಕಾದ್ದರಿಂದ ಅದರ ಕೇಸಿಂಗಿಗೆ ಗೋಡೆಗೆ ಚುಚ್ಚುವ ಬೇರೆ ಅಡಾಪ್ಟರ್ ಇರುತ್ತದೆ.

*

ಇಲ್ಲಿಗೆ ಕತೆ ಸುಖಾಂತವಾಗಬೇಕಿತ್ತು. ಆದರೆ ಕಳೆದ ಎರಡು ದಶಕಗಳಲ್ಲಿ ಓದುವ ವಿದ್ಯೆ ಮತ್ತೆ ಡಿಸ್ಕನ್ನು ಬಿಟ್ಟು ಆಚೆ ಹೋಗುತ್ತಿದೆ.

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಹೊರಗಿನ ಡಿಸ್ಕುಗಳೆಂದರೆ, ಕಾರ್ಖಾನೆಯಲ್ಲೇ ಕೇಸಿಂಗ್ ತೊಡಿಸಿದ ಡಿಸ್ಕುಗಳು. ಅವುಗಳಲ್ಲಿ ಕೆಲವದರ ಚಿಪ್ ಬರೀ ದುಭಾಷಿಯಲ್ಲ. ನಾವು ಪಾಸ್‌ವರ್ಡ್ ಕೊಡಲಿ ಬಿಡಲಿ, ತನ್ನ ಮೂಲಕ ಹೋಗುವ ಪ್ರತಿಯೊಂದನ್ನೂ ಅದು ಗುಪ್ತಲಿಪಿಗೆ ತಿರುಗಿಸಿಯೇ ಬರೆಯುತ್ತದೆ. ಎಲ್ಲ ಸರಿಯಿರುವಾಗ ಇದು ಗೊತ್ತೇ ಆಗುವುದಿಲ್ಲ. ಡಬ್ಬಿಯ ಸರ್ಕ್ಯೂಟ್ ಸುಟ್ಟು, ಡಿಸ್ಕನ್ನು ಬೇರೆ ಕೇಸಿಂಗಿಗೆ ಹಾಕಿದ ದಿನ ಗೊತ್ತಾಗುತ್ತದೆ. ಡಿಸ್ಕು ತಿರುಗುತ್ತದೆ, ಆದರೆ ಸಿಗುವುದು ಅರ್ಥವಿಲ್ಲದ ಅಂಕಿಗಳು. ಇನ್ನು ಕೆಲವು ಡಬ್ಬಿಗಳು ಡಿಸ್ಕಿನ ತುಣುಕುಗಳ ಅಳತೆಯನ್ನೇ ಬದಲಿಸಿ ತೋರಿಸುತ್ತವೆ. 512 ಬೈಟಿನ ಎಂಟು ತುಣುಕುಗಳನ್ನು ಸೇರಿಸಿ 4,096 ಬೈಟಿನ ಒಂದೇ ತುಣುಕು ಎನ್ನುತ್ತವೆ. ಅಂಥ ಡಬ್ಬಿಯಿಂದ ತೆಗೆದ ಡಿಸ್ಕನ್ನು ಬೇರೆಡೆ ಹಾಕಿದರೆ ಕಂಪ್ಯೂಟರಿಗೆ ವಿಭಾಗಗಳು ಕಾಣುವುದಿಲ್ಲ. ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?’ ಎಂದು ಅದು ವಿನಯದಿಂದ ಕೇಳುತ್ತದೆ. ಬರಹವನ್ನು ಹುಡುಕಿಕೊಂಡು ಬಂದವರು ಆ ಪ್ರಶ್ನೆಗೆ ಹೂಂ ಎನ್ನಬಾರದು.

ಈಚಿನ ಹಲವು ಲ್ಯಾಪ್‌ಟಾಪುಗಳಲ್ಲಿ ಹೊರತೆಗೆಯಲು ಡಿಸ್ಕೇ ಇಲ್ಲ. ನೆನಪಿನ ಚಿಪ್ಪುಗಳನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಗುಪ್ತಲಿಪಿಯ ಬೀಗದಕೈ ಅದೇ ಬೋರ್ಡಿನ ಮತ್ತೊಂದು ಚಿಪ್ಪಿನಲ್ಲಿರುತ್ತದೆ. ಫೋನುಗಳ ಸಂಗತಿಯೂ ಇದೇ. ಕಳ್ಳನ ಕೈಗೆ ಸಿಕ್ಕರೆ ಅವನಿಗೆ ಏನೂ ದಕ್ಕಬಾರದು ಎಂಬ ಉದ್ದೇಶ ಒಳ್ಳೆಯದೇ. ಆದರೆ ಬೋರ್ಡ್ ಸತ್ತ ದಿನ ಮಾಲೀಕನಿಗೂ ಕಳ್ಳನದೇ ಪಾಡು. 1956ರ ರಾಮ್ಯಾಕಿನಂತೆ ಯಂತ್ರದ ಜೊತೆಗೆ ನೆನಪೂ ಹೋಗುತ್ತದೆ. ಎಸ್.ಪಿ. ರಸ್ತೆಯ ಆ ಅಭಯವನ್ನು ಇಂಥ ಯಂತ್ರ ತಂದವರಿಗೆ ಯಾರೂ ಕೊಡಲಾರರು.

ಕನ್ನಡದವರಿಗೆ ಇನ್ನೂ ಒಂದು ತೊಡಕಿದೆ. 1990ರ ದಶಕದಿಂದ ಮುಂದೆ ಹದಿನೈದು ಇಪ್ಪತ್ತು ವರ್ಷ ನಮ್ಮ ಕತೆ, ಕಾದಂಬರಿ, ಸಣ್ಣ ಪತ್ರಿಕೆಗಳ ಪುಟಗಳು ತಯಾರಾದದ್ದು ಶ್ರೀಲಿಪಿ, ಬರಹ, ನುಡಿ ಮೊದಲಾದ ತಂತ್ರಾಂಶಗಳ ಫಾಂಟುಗಳಲ್ಲಿ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಅದು ನಮ್ಮ ಮೇಜಿಗೆ ಬಂದು ತಲುಪಲು ಬಹುಕಾಲ ಹಿಡಿಯಿತು. ಅಲ್ಲಿಯವರೆಗಿನ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಕಡತದಲ್ಲಿ ಕನ್ನಡದ ಅಕ್ಷರ ಇರಲಿಲ್ಲ. ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಕ್ಕೆ ಹೊಂದುವ ರೋಮನ್ ಸಂಕೇತಗಳಿದ್ದವು. ಅವು ಕನ್ನಡವೆಂದು ಹೇಳುತ್ತಿದ್ದದ್ದು ಫಾಂಟು ಮಾತ್ರ.

ಅಂಥ ಕಾಲದ ಡಿಸ್ಕೊಂದನ್ನು ಇಂದು ಕೇಸಿಂಗಿಗೆ ಹಾಕಿ ತೆರೆದರೆ ಡಿಸ್ಕು ಓದುತ್ತದೆ, ಫೋಲ್ಡರ್ ಕಾಣುತ್ತದೆ, ಕಡತವೂ ತೆರೆಯುತ್ತದೆ. ಪರದೆಯ ಮೇಲೆ ಮಾತ್ರ ರೋಮನ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಗೆರೆ, ಚುಕ್ಕಿ, ಸೊನ್ನೆ. ಆ ಫಾಂಟು ಇದ್ದದ್ದು ಸತ್ತ ಕಂಪ್ಯೂಟರಿನ ವಿಂಡೋಸಿನಲ್ಲಿ. ಹೆಚ್ಚು ಬಳಕೆಯಲ್ಲಿದ್ದ ಫಾಂಟುಗಳಿಗೆ ಪರಿವರ್ತಕಗಳಿವೆ, ಅವುಗಳಿಂದ ಬರಹವನ್ನು ಯೂನಿಕೋಡಿಗೆ ತರಬಹುದು, ಅಲ್ಲಲ್ಲಿ ಒತ್ತಕ್ಷರ ತಪ್ಪಿದ್ದನ್ನು ಕೈಯಲ್ಲಿ ತಿದ್ದಬೇಕಾಗುತ್ತದೆ. ಆದ್ದರಿಂದ ಹಳೆಯ ಡಿಸ್ಕಿನಿಂದ ‘ಡಾಕ್ಯುಮೆಂಟ್ಸ್’ ಫೋಲ್ಡರನ್ನು ಮಾತ್ರ ನಕಲು ಮಾಡಿಕೊಂಡು ಉಳಿದದ್ದನ್ನು ಅಳಿಸುವವರು ಒಮ್ಮೆ ಯೋಚಿಸಬೇಕು. ವಿಂಡೋಸಿನ ‘ಫಾಂಟ್ಸ್’ ಫೋಲ್ಡರಿನಲ್ಲಿ ಆ ಕಾದಂಬರಿಯ ಲಿಪಿ ಕೂತಿರುತ್ತದೆ.

ಪತ್ರಾಗಾರಗಳಿಗೆ ಇದು ಗೊತ್ತಿದೆ. ಸಲ್ಮಾನ್ ರಶ್ದಿಯವರ ಕಾಗದಪತ್ರಗಳನ್ನು ಅಮೆರಿಕದ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯ ಪಡೆದಾಗ ಹಸ್ತಪ್ರತಿಗಳ ಜೊತೆಗೆ ಅವರು ಬಳಸಿದ ನಾಲ್ಕು ಆಪಲ್ ಕಂಪ್ಯೂಟರುಗಳೂ ಬಂದವು. ಒಂದರ ಮೇಲೆ ಕೋಕ್ ಚೆಲ್ಲಿ ಅದು ಹಾಳಾಗಿತ್ತು. ಎಲ್ಲ ಸೇರಿ 18 ಗಿಗಾಬೈಟ್. 2010ರಲ್ಲಿ ಸಂಗ್ರಹ ಓದುಗರಿಗೆ ತೆರೆದಾಗ ಒಂದು ಕಂಪ್ಯೂಟರಿನ ಪರಿಸರವನ್ನು ಹಾಗೆಯೇ ಮರುಸೃಷ್ಟಿಸಿ, ರಶ್ದಿ ಕಂಡ ಪರದೆಯನ್ನೇ ಸಂಶೋಧಕರೂ ಕಾಣುವಂತೆ ಮಾಡಿದ್ದರು. ಇಂಥ ಕೆಲಸದಲ್ಲಿ ಪತ್ರಾಗಾರದವರು ಡಿಸ್ಕನ್ನು ವಿಶೇಷ ಬಗೆಯ ಒಂದು ದುಭಾಷಿಯ ಮೂಲಕ ಜೋಡಿಸುತ್ತಾರೆ. ಅದು ‘ಓದು’ ಎಂಬ ಆಜ್ಞೆಯನ್ನು ದಾಟಿಸುತ್ತದೆ, ‘ಬರೆ’ ಎಂಬುದನ್ನು ತಡೆಯುತ್ತದೆ. ಹಳೆಯ ಡಿಸ್ಕಿನ ಒಂದು ಬೈಟೂ ಬದಲಾಗದಂತೆ, ಮೊದಲ ತುಣುಕಿನಿಂದ ಕೊನೆಯ ತುಣುಕಿನವರೆಗೆ, ಖಾಲಿ ಜಾಗವನ್ನೂ ಬಿಡದೆ ನಕಲು ತೆಗೆಯುತ್ತಾರೆ. ಆಮೇಲಿನ ಕೆಲಸವೆಲ್ಲ ನಕಲಿನ ಮೇಲೆಯೇ.

ನಮ್ಮ ಹಳೆಯ ಸಾಹಿತ್ಯ ಉಳಿದದ್ದೂ ನಕಲಿನಿಂದ. ಪಂಪ ಹತ್ತನೆಯ ಶತಮಾನದವನು. ಅವನ ಕೈಬರಹದ ಓಲೆ ನಮಗೆ ಉಳಿದಿಲ್ಲ. ನಮಗೆ ಸಿಕ್ಕಿರುವುದು ಎಷ್ಟೋ ತಲೆಮಾರಿನ ಲಿಪಿಕಾರರು ಹಳೆಯ ಗರಿ ಮುರಿಯುವ ಮೊದಲು ಹೊಸ ಗರಿಗೆ ಇಳಿಸುತ್ತ ಬಂದ ಪ್ರತಿಗಳು. ಗರಿಗಳ ಕಟ್ಟಿಗೆ ಮೇಲೊಂದು ಕೆಳಗೊಂದು ಮರದ ಹಲಗೆ ಇಟ್ಟು ದಾರ ಸುತ್ತುತ್ತಿದ್ದರು. ಹಲಗೆ ಗರಿಯನ್ನು ಕಾಯುತ್ತಿತ್ತು. ಕಾವ್ಯವನ್ನು ಕಾದದ್ದು ಲಿಪಿಕಾರ.

ಕೇಸಿಂಗ್ ಕೂಡ ಅಂಥದೇ ಒಂದು ಹಲಗೆ. ಒಳಗಿನ ಡಿಸ್ಕಿಗೆ ವಯಸ್ಸಾಗಿರುತ್ತದೆ, ಒಮ್ಮೆ ಟಿಕ್ ಟಿಕ್ ಎಂದು ಬಡಿಯತೊಡಗಿದರೆ ಪದೇ ಪದೇ ಚಾಲೂ ಮಾಡಿ ನೋಡುವುದೂ ಅಪಾಯ. ಆದರೂ ಹೆಚ್ಚಿನವರು ಡಬ್ಬಿಗೆ ಹಾಕಿಸಿಕೊಂಡು ಬಂದು, ಹೆಸರು ಬರೆದ ಚೀಟಿ ಅಂಟಿಸಿ, ಬೀರುವಿನಲ್ಲಿಟ್ಟು ನೆಮ್ಮದಿಯಾಗುತ್ತಾರೆ. ರಿಪೇರಿಯವರಿಗೆ ಇದು ಗೊತ್ತು. ಹಣ ಎಣಿಸಿಕೊಂಡು ಡಬ್ಬಿಯನ್ನು ಕೈಗಿಡುವಾಗ ಅವರು ಒಂದು ಮಾತು ಹೇಳಿಯೇ ಕಳಿಸುತ್ತಾರೆ: ‘ಇವತ್ತೇ ಕಾಪಿ ಮಾಡ್ಕೊಂಡ್ಬಿಡಿ ಸಾರ್.’